ಕಿಸೆಯಲ್ಲೊಬ್ಬ ದುಭಾಷಿ



ನಮ್ಮ ಗದಗ ಸೀಮೆಯ ಶಿರಹಟ್ಟಿ ಒಂದು ಕಾಲಕ್ಕೆ ಸಾಂಗಲಿ ಸಂಸ್ಥಾನದ ತಾಲ್ಲೂಕು. ಪಕ್ಕದ ಲಕ್ಷ್ಮೇಶ್ವರ ಮೀರಜ ಸಂಸ್ಥಾನದ್ದು. ಎರಡಕ್ಕೂ ಪಟವರ್ಧನ ಮನೆತನದವರೇ ಒಡೆಯರು. 1948ರ ಮಾರ್ಚಿನಲ್ಲಿ ಆ ಸಂಸ್ಥಾನಗಳು ಮುಂಬಯಿ ಪ್ರಾಂತದೊಳಗೆ ಸೇರುವ ತನಕ ಇಲ್ಲಿಯ ಕಚೇರಿಯ ಭಾಷೆ ಮರಾಠಿ, ಹಳೆಯ ದಫ್ತರಗಳ ಅಕ್ಷರ ಮೋಡಿ. ಮೋಡಿಯೆಂದರೆ ಲೇಖನಿ ಎತ್ತದೆ ಸರಸರನೆ ಬರೆದುಕೊಂಡು ಹೋಗುವ ಲಿಪಿ, ರೂಢಿಯಿದ್ದವರಿಗೆ ಮಾತ್ರ ಬಿಡಿಸಲು ಬರುವಂಥದ್ದು. ಉಳುವವನ ಮಾತು ಕನ್ನಡ, ಅವನ ಎತ್ತಿಗೆ ತಿಳಿಯುತ್ತಿದ್ದದ್ದೂ ಕನ್ನಡ. ಹೊಲದ ಕಾಗದ ಮಾತ್ರ ಅವನಿಗೆ ಬಾರದ ಭಾಷೆಯಲ್ಲಿ, ಕಾಣದ ಅಕ್ಷರದಲ್ಲಿ. "ಇದರಾಗ ಏನ್ ಬರದೈತ್ರಿ, ಕುಲಕರ್ಣ್ಯಾರ?" ಎಂದು ಕಟ್ಟೆಯ ಕೆಳಗೆ ನಿಂತು ಕೇಳಬೇಕು. ಅವರು ಏನು ಓದಿ ಹೇಳಿದರೋ ಅದೇ ಅದರಲ್ಲಿ ಬರೆದದ್ದು. ಒಳ್ಳೆಯ ಕುಲಕರ್ಣಿ ಸಿಕ್ಕರೆ ರೈತನ ಪುಣ್ಯ.

ಗದಗ, ಮುಂಡರಗಿಗಳು ಇಂಗ್ಲಿಷರ ಧಾರವಾಡ ಜಿಲ್ಲೆಯಲ್ಲಿದ್ದವು. ಅಲ್ಲಿಯೂ ಬಹಳ ಕಾಲ ಮರಾಠಿಯದೇ ಮೇಲುಗೈ. ಶಿಕ್ಷಣ ಇಲಾಖೆಯ ಡೆಪ್ಯುಟಿ ಚನ್ನಬಸಪ್ಪನವರಂಥವರು ಹತ್ತೊಂಬತ್ತನೆಯ ಶತಮಾನದಲ್ಲಿ ಹಟ ಹಿಡಿದು ಕನ್ನಡ ಶಾಲೆಗಳನ್ನು ಎಬ್ಬಿಸಿ ನಿಲ್ಲಿಸಬೇಕಾಯಿತು. ಅದೇ ಶತಮಾನದಲ್ಲಿ ಗದಗಿನ ಪಕ್ಕದ ಬೆಟಗೇರಿಗೆ ಬಾಸೆಲ್ ಮಿಷನ್ನಿನ ಪಾದ್ರಿಗಳು ಬಂದರು, ಜರ್ಮನ್ ಆಡುವವರು. ಅವರಿಗೆ ಭಾಷೆ ಕಲಿಸುವ ಮುನ್ಷಿಯೊಬ್ಬ ಬೇಕಾಯಿತು. 1884ರಲ್ಲಿ ಗದಗಿಗೆ ರೈಲು ಬಂತು, ಹತ್ತಿ ಪೇಟೆ ಬೆಳೆಯಿತು, ಮುಂಬಯಿಯ ಖರೀದಿದಾರ ಬಂದ. ಅವನಿಗೂ ರೈತನಿಗೂ ನಡುವೆ ಅಡತಿ ಅಂಗಡಿಯ ಗುಮಾಸ್ತ ಕೂತ. ಎರಡು ಭಾಷೆ ಬಲ್ಲವನು ನಡುವೆ ಕೂತರೆ ಎರಡೂ ಕಡೆಯ ಗುಟ್ಟು ಅವನ ಕೈಯಲ್ಲಿ. ಅವನು ಬರೀ ಮಾತು ದಾಟಿಸುವವನಲ್ಲ, ದಾರಿ ಸುಂಕ ಎತ್ತುವವನೂ ಹೌದು.

ಇವತ್ತು ಆ ದುಭಾಷಿ ಅಂಗಿಯ ಕಿಸೆಗೆ ಬಂದಿದ್ದಾನೆ. ಫೋನಿನಲ್ಲಿ ಅನುವಾದದ ಆ್ಯಪ್ ಇಳಿಸಿಕೊಂಡರೆ ಮರಾಠಿಯೋ ತಮಿಳೋ ಚೀನಿಯೋ ಜರ್ಮನ್ನೋ, ಬರೆದದ್ದನ್ನು ಕ್ಯಾಮೆರಾ ಓದುತ್ತದೆ, ಆಡಿದ್ದನ್ನು ಮೈಕು ಕೇಳುತ್ತದೆ, ಕನ್ನಡದಲ್ಲಿ ಹೇಳುತ್ತದೆ. ಈ ದುಭಾಷಿಗೆ ದಲಾಲಿ ಕೊಡಬೇಕಿಲ್ಲ. ಆದರೆ ಅವನು ಹೇಳಿದ್ದಕ್ಕೆ ಜಾಮೀನೂ ಇಲ್ಲ. ಗುಮಾಸ್ತ ತಪ್ಪು ಹೇಳಿದರೆ ಮರುದಿನ ಅವನ ಅಂಗಡಿಗೆ ಹೋಗಿ ಕೊರಳಪಟ್ಟಿ ಹಿಡಿಯಬಹುದಿತ್ತು. ಇವನ ಅಂಗಡಿ ಎಲ್ಲಿದೆ? ನಮ್ಮ ಕಡೆಯ ನಾಲ್ಕು ಊರುಗಳಲ್ಲಿ ಇವನು ಎಲ್ಲಿ ಕೆಲಸಕ್ಕೆ ಬರುತ್ತಾನೆ, ಎಲ್ಲಿ ಕೈ ಕೊಡುತ್ತಾನೆ ಎಂಬುದನ್ನು ಇವತ್ತು ನಿಮ್ಮೆದುರು ಇಡುತ್ತೇನೆ.

ಮೊದಲು ಲಕ್ಷ್ಮೇಶ್ವರದ ಕಡೆಯ ಒಂದು ಮನೆ. ಮಗ ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ಕಳೆ ಕೊಯ್ಯುವ ಬ್ರಷ್ ಕಟರ್ ತರಿಸಿದ್ದ. ಡಬ್ಬಿಯೊಳಗೆ ಮಶೀನು, ಬ್ಲೇಡು, ಎರಡು ಪಾನೆ, ಮಡಚಿದ ಒಂದು ಕಾಗದ. ಕಾಗದದ ತುಂಬ ಚೀನಿ ಅಕ್ಷರ. ಹುಡುಗ ಅದನ್ನು ಪಡಸಾಲೆಯ ಬೆಳಕಿಗೆ ಹರವಿ ಫೋನು ಹಿಡಿದ. ಪರದೆಯ ಮೇಲೆ ಚೀನಿ ಅಕ್ಷರ ಅಳಿಸಿ ಕನ್ನಡದ ಅಕ್ಷರ ಮೂಡಿದವು. ಕೈ ಸ್ವಲ್ಪ ಅಲುಗಿದರೆ ಸಾಲು ಬೇರೆಯಾಗುತ್ತಿತ್ತು, ಒಂದು ಮಾತು ಹೋಗಿ ಇನ್ನೊಂದು ಬರುತ್ತಿತ್ತು. ಫೋಟೋ ತೆಗೆದು ಆಮೇಲೆ ಓದಿಸು ಎಂದೆ. ಆಗ ನಿಂತಿತು. ಮೊದಲ ಸೂಚನೆ ಹೀಗಿತ್ತು: "ಪ್ರಾರಂಭಿಸುವ ಮುನ್ನ ಗಾಳಿಯ ಬಾಗಿಲನ್ನು ಮುಚ್ಚಿರಿ." ಹುಡುಗ ಮನೆಯ ಬಾಗಿಲ ಕಡೆ ನೋಡಿದ. ನಾನೂ ನೋಡಿದೆ.

ಅವನ ಅಪ್ಪ ಕಟ್ಟೆಯ ಮೇಲೆ ಕೂತು ಎಲೆ ಹಾಕಿಕೊಳ್ಳುತ್ತಿದ್ದರು. ಹತ್ತಾರು ವರ್ಷ ಡೀಸೆಲ್ ಎಂಜಿನ್ನು, ಪಂಪ್‌ಸೆಟ್ಟು ಬಿಚ್ಚಿ ಕೂಡಿಸಿದ ಕೈ. "ತಣ್ಣಗಿದ್ದಾಗ ಚಾಲೂ ಮಾಡಾಕ ಗಾಳಿ ಮುಚ್ಚತಾರೋ ತಮ್ಮಾ. ಅದು ಚೋಕ್ ಇರಬೇಕು ನೋಡು" ಎಂದರು. ಚೋಕೇ ಆಗಿತ್ತು. ಚೀನಿಯಲ್ಲಿ ಅದಕ್ಕೆ ಗಾಳಿ-ಬಾಗಿಲು ಅಂತಲೇ ಅನ್ನುತ್ತಾರೆ. ಯಂತ್ರ ಅಕ್ಷರಕ್ಕೆ ಅಕ್ಷರ ಕೊಟ್ಟಿತ್ತು, ತಪ್ಪೂ ಹೇಳಿರಲಿಲ್ಲ. ಮುಂದಿನ ಸಾಲು ಪೆಟ್ರೋಲಿಗೆ ಎಷ್ಟು ಎಣ್ಣೆ ಎಂಬುದು. ಅಲ್ಲಿ ಅನುವಾದವೇ ಬೇಕಾಗಲಿಲ್ಲ. 25:1 ಎಂದು ಅಂಕಿಯಲ್ಲೇ ಅಚ್ಚಾಗಿತ್ತು. ಇಪ್ಪತ್ತೈದು ಪಾಲು ಪೆಟ್ರೋಲಿಗೆ ಒಂದು ಪಾಲು ಟೂ-ಸ್ಟ್ರೋಕ್ ಎಣ್ಣೆ. ಅರ್ಧ ತಾಸಿನಲ್ಲಿ ಮಶೀನು ಹಿತ್ತಲಲ್ಲಿ ಸದ್ದು ಮಾಡತೊಡಗಿತು.

ಅವತ್ತು ಕೆಲಸ ಆದದ್ದು ಫೋನಿನಿಂದ ಎನ್ನುವುದು ನಿಜ. ಎಂಜಿನ್ನಿನ ಒಳಗು ಬಲ್ಲ ಅಪ್ಪನಿಗೆ ಚೀನಿ ಬಾರದು, ಚೀನಿ ಓದಿದ ಫೋನಿಗೆ ಎಂಜಿನ್ನು ಗೊತ್ತಿಲ್ಲ. ಇಬ್ಬರೂ ಒಂದೇ ಪಡಸಾಲೆಯಲ್ಲಿ ಸಿಕ್ಕರು. ತನಗೆ ಏನೇನೂ ಗೊತ್ತಿಲ್ಲದ ವಿಷಯದಲ್ಲಿ ಈ ಆ್ಯಪನ್ನು ನಂಬಿ ಹೊರಟವನೇ ಹೆಚ್ಚಾಗಿ ದಾರಿ ತಪ್ಪುತ್ತಾನೆ. ಅರ್ಧ ಗೊತ್ತಿದ್ದವನಿಗೆ ಅದು ಉಳಿದರ್ಧ ತುಂಬಿಕೊಡುತ್ತದೆ.

ಯಾಕೆ ಹೀಗೆ ಎನ್ನುವುದಕ್ಕೆ ಯಂತ್ರ ಕಲಿತ ಬಗೆಯನ್ನು ಸ್ವಲ್ಪ ನೋಡಬೇಕು. ಯಂತ್ರದಿಂದ ಭಾಷಾಂತರ ಮಾಡಿಸುವ ಆಸೆ ಹೊಸದೇನಲ್ಲ. 1954ರ ಜನವರಿಯಲ್ಲೇ ಅಮೆರಿಕದ ಜಾರ್ಜ್‌ಟೌನ್ ವಿಶ್ವವಿದ್ಯಾಲಯ ಮತ್ತು ಐ.ಬಿ.ಎಂ. ಕಂಪನಿ ಸೇರಿ ರಷ್ಯನ್ ಭಾಷೆಯ ಅರವತ್ತಕ್ಕೂ ಹೆಚ್ಚು ವಾಕ್ಯಗಳನ್ನು ಇಂಗ್ಲಿಷಿಗೆ ತಿರುಗಿಸಿ ತೋರಿಸಿದ್ದವು. ಯಂತ್ರಕ್ಕೆ ಕೊಟ್ಟಿದ್ದು 250 ಪದ, ಆರು ವ್ಯಾಕರಣ ಸೂತ್ರ. ಇನ್ನು ಮೂರು-ಐದು ವರ್ಷದಲ್ಲಿ ಕೆಲಸ ಮುಗಿಯುತ್ತದೆ ಎಂದು ಆಗ ಉಬ್ಬಿದ್ದರು. ಮುಗಿಯಲಿಲ್ಲ. ನಮ್ಮ ದೇಶದಲ್ಲಿ ಕಾನ್ಪುರದ ಐ.ಐ.ಟಿ.ಯಲ್ಲಿ ಶುರುವಾದ ಅನುಸಾರಕ ಎಂಬ ಯೋಜನೆ ಕನ್ನಡವೂ ಸೇರಿದಂತೆ ಹಲವು ಭಾರತೀಯ ಭಾಷೆಗಳಿಂದ ಹಿಂದಿಗೆ ಓದಿಸಿ ಕೊಡುವ ಕೆಲಸಕ್ಕೆ ಕೈ ಹಾಕಿತ್ತು. ಹೈದರಾಬಾದ್ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ್ ಕೆ. ನಾರಾಯಣಮೂರ್ತಿಯವರು ಇಂಗ್ಲಿಷಿನಿಂದ ಕನ್ನಡಕ್ಕೆ ಯಂತ್ರದ ನೆರವಿನ ಭಾಷಾಂತರ ವ್ಯವಸ್ಥೆ ಕಟ್ಟಿದರು. ಇವೆಲ್ಲ ವ್ಯಾಕರಣ ಬಲ್ಲವರು ಕೂತು ಸೂತ್ರ ಬರೆದು ಯಂತ್ರಕ್ಕೆ ಪಾಠ ಹೇಳಿದ ಕಾಲದವು.

ಈಗಿನ ಆ್ಯಪಿಗೆ ಯಾರೂ ವ್ಯಾಕರಣ ಹೇಳಿಕೊಟ್ಟಿಲ್ಲ. ಅದಕ್ಕೆ ಕೊಟ್ಟಿದ್ದು ಜೋಡಿ ವಾಕ್ಯಗಳು: ಇಂಗ್ಲಿಷಿನದೊಂದು, ಅದೇ ಅರ್ಥದ ಕನ್ನಡದ್ದೊಂದು. ಲಕ್ಷ, ಕೋಟಿ ಲೆಕ್ಕದಲ್ಲಿ. ಅವುಗಳನ್ನು ಅರೆದು ಅರೆದು ಯಾವ ಮಾತಿನ ಪಕ್ಕ ಯಾವ ಮಾತು ಕೂರುತ್ತದೆ ಎಂಬ ಅಂದಾಜನ್ನು ಯಂತ್ರ ತಾನೇ ಕಟ್ಟಿಕೊಂಡಿದೆ. ಗೂಗಲ್ ಟ್ರಾನ್ಸ್‌ಲೇಟಿಗೆ ಕನ್ನಡ ಸೇರಿದ್ದು 2011ರಲ್ಲಿ. ಆಗ ಅದು ಕೊಡುತ್ತಿದ್ದ ಕನ್ನಡವನ್ನು ನೆನಪಿಟ್ಟುಕೊಂಡವರು ಈಗಲೂ ನಗುತ್ತಾರೆ. 2017ರಲ್ಲಿ ಭಾರತೀಯ ಭಾಷೆಗಳಿಗೆ ಹೊಸ ಬಗೆಯ ಯಂತ್ರ ಜೋಡಿಸಿದ ಮೇಲೆ ವಾಕ್ಯಗಳು ಕಾಲೂರಿ ನಿಂತವು. 2022ರಲ್ಲಿ ಕೇಂದ್ರ ಸರ್ಕಾರ ಭಾಷಿಣಿ ಎಂಬ ಅನುವಾದದ ವ್ಯವಸ್ಥೆಯನ್ನು ಶುರು ಮಾಡಿತು. ಮದರಾಸಿನ ಐ.ಐ.ಟಿ.ಯ ಎ.ಐ.ಫಾರ್‌ಭಾರತ್ ತಂಡ 2021ರಲ್ಲಿ ಹೊರತಂದ ಸಮಾನಾಂತರ ಎಂಬ ಸಂಗ್ರಹದಲ್ಲಿ ಇಂಗ್ಲಿಷಿಗೂ ಕನ್ನಡ ಸೇರಿದ ಹನ್ನೊಂದು ಭಾರತೀಯ ಭಾಷೆಗಳಿಗೂ ನಡುವೆ ಸುಮಾರು ಐದು ಕೋಟಿ ಜೋಡಿ ವಾಕ್ಯಗಳಿವೆ.

ಈ ಜೋಡಿ ವಾಕ್ಯಗಳು ಎಲ್ಲಿಂದ ಬರುತ್ತವೆ? ಸರ್ಕಾರದ ಪ್ರಕಟಣೆ, ಪತ್ರಿಕೆ, ವಿಕಿಪೀಡಿಯ, ಕಂಪ್ಯೂಟರಿನ ಸೂಚನೆಗಳು. ಜಗತ್ತಿನ ಸಣ್ಣಪುಟ್ಟ ಭಾಷೆಗಳಿಗೆಲ್ಲ ಸುಲಭವಾಗಿ ಸಿಕ್ಕುವ ಇನ್ನೊಂದು ಪುಸ್ತಕ ಬೈಬಲ್ಲು. ಅಧ್ಯಾಯ, ವಚನಕ್ಕೆ ಅಂಕಿ ಹಾಕಿರುವುದರಿಂದ ಎರಡು ಭಾಷೆಯದನ್ನು ಪಕ್ಕಪಕ್ಕ ಇಡುವುದು ಯಂತ್ರದವರಿಗೆ ಸಲೀಸು. ಬಳ್ಳಾರಿಯ ಜಾನ್ ಹ್ಯಾಂಡ್ಸ್ ಪಾದ್ರಿ ಹತ್ತೊಂಬತ್ತನೆಯ ಶತಮಾನದ ಮೊದಲಲ್ಲೇ ಬೈಬಲ್ಲನ್ನು ಕನ್ನಡಕ್ಕೆ ತಂದ. ಬಾಸೆಲ್ ಮಿಷನ್ನಿನವರು ಅದನ್ನು ತಿದ್ದಿದರು. ಮುನ್ಷಿಯೆದುರು ಕೂತು ಬೆವರು ಸುರಿಸಿ ಮಾಡಿದ ಕೆಲಸ ಅದು. ಇನ್ನೂರು ವರ್ಷದ ಆಮೇಲೆ ಅಂಥದೇ ಕೆಲಸ ಯಂತ್ರಕ್ಕೆ ಮೇವಾಗುತ್ತದೆ ಎಂದು ಯಾರು ಎಣಿಸಿದ್ದರು!

ಈ ಪಟ್ಟಿಯಲ್ಲಿ ಎಲ್ಲಿಯೂ ಗದಗಿನ ಉಳ್ಳಾಗಡ್ಡಿ ಪೇಟೆಯ ಮಾತಿಲ್ಲ. ಕೆಂಪು ಮಣ್ಣಿನ ಮಸಾರಿ ಹೊಲ, ಕಪ್ಪು ಮಣ್ಣಿನ ಎರಿ ಹೊಲದ ಮಾತಿಲ್ಲ. ಮುಂಡರಗಿಯ ಸಂತೆಯ ಚೌಕಾಸಿ ಇಲ್ಲ. ಆ್ಯಪಿಗೆ ಗೊತ್ತಿರುವುದು ಅಚ್ಚಾದ ಕನ್ನಡ, ಸುತ್ತೋಲೆಯ ಕನ್ನಡ. ನಮ್ಮ ಮನೆಯ ಕನ್ನಡ ಅದರ ಕಿವಿಗೆ ಬಿದ್ದದ್ದು ಕಡಿಮೆ.

ಮುಂಡರಗಿಯ ಒಂದು ಬ್ಯಾಂಕಿನಲ್ಲಿ ನಡೆದದ್ದು. ಕೌಂಟರಿನ ಆಚೆ ಉತ್ತರದ ಕಡೆಯಿಂದ ಬಂದ ತರುಣ ಅಧಿಕಾರಿ, ಕನ್ನಡ ಕಲಿಯುವ ಮನಸ್ಸಿದೆ, ಇನ್ನೂ ಕೂಡಿ ಬಂದಿಲ್ಲ. ಈಚೆ ವೃದ್ಧಾಪ್ಯ ವೇತನದ ಪಾಸ್‌ಪುಸ್ತಕ ಹಿಡಿದ ಅಜ್ಜಿ. ಆತ ಹಿಂದಿಯಲ್ಲಿ ಫೋನಿಗೆ ಹೇಳಿದ. ಫೋನು ಹೆಣ್ಣುದನಿಯಲ್ಲಿ ಕನ್ನಡ ಉಲಿಯಿತು: "ನಿಮ್ಮ ಗುರುತಿನ ವಿವರಗಳನ್ನು ನವೀಕರಿಸುವುದು ಅಗತ್ಯವಾಗಿದೆ." ಅಜ್ಜಿ ಫೋನನ್ನೇ ನೋಡಿದಳು. "ಏನಂತೈತಿ ಯವ್ವಾ ಅದು?" ಎಂದು ಹಿಂದಿದ್ದ ಹೆಣ್ಣುಮಗಳನ್ನು ಕೇಳಿದಳು. "ಆಧಾರ್ ಕಾರ್ಡಿನ ಝೆರಾಕ್ಸ್ ಕೊಡಬೇಕಂತ ಬೇ. ಕೊಟ್ರ ರೊಕ್ಕ ಬಿಡ್ತಾರಂತ." ಅಜ್ಜಿಯ ಮುಖ ಅರಳಿತು. "ಹಂಗನ್ನು ಮತ್ತ!" ಹಿಂದಿಯಿಂದ ಕನ್ನಡಕ್ಕೆ ಯಂತ್ರ ತಂದಿತು, ಆ ಕನ್ನಡದಿಂದ ಮುಂಡರಗಿಗೆ ತಂದವಳು ಪಾಳಿಯಲ್ಲಿ ನಿಂತಿದ್ದ ಹುಡುಗಿ. ಅಜ್ಜಿ ತಿರುಗಿ ಆಡಿದ ಮಾತು ಫೋನಿಗೆ ತಿಳಿಯಲೇ ಇಲ್ಲ. ಆಕೆಯ 'ಕೊಟ್ಟೀನಲ್ಲೋ ಯಪ್ಪಾ ಹ್ವಾದ ತಿಂಗಳನ' ಎಂಬುದನ್ನು ಅದು ಏನೋ ಬರೆದು ಏನೋ ಹೇಳಿತು. ಅಧಿಕಾರಿ ನಕ್ಕ, ಅಜ್ಜಿಯೂ ನಕ್ಕಳು. ಝೆರಾಕ್ಸ್ ತರಲು ಹುಡುಗಿಯೇ ಹೊರಟಳು.

ಇದರಲ್ಲೊಂದು ವಿಚಿತ್ರವಿದೆ. ಲಕ್ಷ್ಮೇಶ್ವರದ ಹಳೆಯ ಹೆಸರು ಪುಲಿಗೆರೆ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗ ಕನ್ನಡದ ತಿರುಳು ಯಾವುದೆಂದು ಗುರುತಿಸುವಾಗ ಕಿಸುವೊಳಲು, ಕೊಪಣ, ಒಂಕುಂದಗಳ ಜೊತೆ ಪುಲಿಗೆರೆಯನ್ನು ಹೆಸರಿಸಿತು. 941ರ ಸುಮಾರಿಗೆ ತನ್ನ ಕಾವ್ಯಗಳನ್ನು ಬರೆದ ಪಂಪ ತನ್ನದು ಪುಲಿಗೆರೆಯ ತಿರುಳ್ಗನ್ನಡ ಎಂದು ಹೆಮ್ಮೆಪಟ್ಟ. ಅಂದಿನ ಲೆಕ್ಕದಲ್ಲಿ ನಾಡಿಗೆ ಒಪ್ಪುವ ಕನ್ನಡ ಇಲ್ಲಿಯದು. ಇವತ್ತು ಅದೇ ಪುಲಿಗೆರೆಯ ರೈತ ಫೋನಿನ ಮುಂದೆ ತನ್ನ ನಾಲಗೆಯನ್ನು ತಿದ್ದಿಕೊಂಡು, ಪುಸ್ತಕ ಓದಿದಂತೆ, ಬೆಂಗಳೂರಿನವರ ಹಾಗೆ ಮಾತಾಡಬೇಕು. ಇಲ್ಲದಿದ್ದರೆ ಯಂತ್ರಕ್ಕೆ ಅರ್ಥವಾಗುವುದಿಲ್ಲ. ಹುಡುಗರು ಇದನ್ನು ಕಲಿತುಬಿಟ್ಟಿದ್ದಾರೆ. ಫೋನಿಗೊಂದು ಕನ್ನಡ, ಅವ್ವನಿಗೊಂದು ಕನ್ನಡ. ನನಗೆ ಇದು ಸರಿ ಕಾಣುವುದಿಲ್ಲ, ಆದರೆ ಕೆಲಸ ಆಗಬೇಕಾದಾಗ ನಾನೂ ಹಾಗೆಯೇ ಮಾಡುತ್ತೇನೆ.

ಅಂದ ಹಾಗೆ, ಲಕ್ಷ್ಮೇಶ್ವರದ ಸೋಮೇಶ್ವರ ಗುಡಿಯ ಆವರಣದಲ್ಲಿ ಶಾಸನದ ಮುಂದೆ ಫೋನು ಹಿಡಿದು ನಿಂತ ಕಾಲೇಜು ಹುಡುಗರನ್ನು ಕಂಡಿದ್ದೇನೆ. ಹಳಗನ್ನಡ ಲಿಪಿ ಅದಕ್ಕೆ ದಕ್ಕುವುದಿಲ್ಲ. ಆ ಊರಿನ ಶಾಸನಗಳನ್ನು ನೂರೈವತ್ತು ವರ್ಷದ ಹಿಂದೆ ಓದಿ ಇಂಡಿಯನ್ ಆ್ಯಂಟಿಕ್ವರಿಯಲ್ಲಿ ಅಚ್ಚು ಹಾಕಿಸಿದವರು ಜೆ. ಎಫ್. ಫ್ಲೀಟ್. ಕಲ್ಲು ಓದಲು ಈಗಲೂ ಫ್ಲೀಟ್ ಸಾಹೇಬರ ಪುಟವೇ ಗತಿ, ಇಲ್ಲವೇ ಶಾಸನ ಬಲ್ಲ ಮೇಷ್ಟರು.

ಬೆಟಗೇರಿಯ ಕಡೆ ಬರೋಣ. ಅಲ್ಲಿಯ ನೇಕಾರರಿಗೆ ಮಹಾರಾಷ್ಟ್ರದ ವ್ಯಾಪಾರಿಗಳ ಜೊತೆ ಹಳೆಯ ವ್ಯವಹಾರ. ಈಗ ಆರ್ಡರು, ಬಾಕಿ, ತಗಾದೆ ಎಲ್ಲ ವಾಟ್ಸ್‌ಆ್ಯಪಿನಲ್ಲಿ. ನನಗೆ ಪರಿಚಯದ ನೇಕಾರರೊಬ್ಬರು ಸೊಲ್ಲಾಪುರದ ಸಾವಕಾರರಿಗೆ ಬಹಳ ಮರ್ಯಾದೆಯಿಂದ, "ನೀವು ಬಾಕಿ ರೊಕ್ಕ ಈ ವಾರ ಕಳಿಸಿಕೊಡ್ರಿ" ಎಂದು ಬರೆದು ಮರಾಠಿ ಮಾಡಿಸಿ ಕಳಿಸಿದರು. ಸಾವಕಾರರು ಮುನಿಸಿಕೊಂಡರು. ಯಾಕೆಂದರೆ ಅಲ್ಲಿ ತಲುಪಿದ್ದು 'ನೀನು ದುಡ್ಡು ಕಳಿಸು' ಎಂಬ ಧಾಟಿಯ ಮರಾಠಿ. ಕನ್ನಡಕ್ಕೂ ಮರಾಠಿಗೂ ನಡುವೆ ಬಹಳ ಸಲ ಯಂತ್ರ ನೇರ ದಾಟುವುದಿಲ್ಲ, ಇಂಗ್ಲಿಷಿನ ಸೇತುವೆ ಮೇಲೆ ಹಾಯ್ದು ಹೋಗುತ್ತದೆ. ಇಂಗ್ಲಿಷಿನಲ್ಲಿ ನೀನೂ ಒಂದೇ ನೀವೂ ಒಂದೇ. ಕನ್ನಡದ 'ರೀ' ಆ ಸೇತುವೆಯ ಮೇಲೆ ಉದುರಿ ಬಿತ್ತು. ಆ ಕಡೆ ಮರಾಠಿಯಲ್ಲೂ ಹಿರಿಯರಿಗೆ ಬಹುವಚನವಿದೆ, ಅದನ್ನು ಎತ್ತಿಕೊಳ್ಳುವ ಹೊತ್ತಿಗೆ ಯಂತ್ರಕ್ಕೆ ಸುಳಿವೇ ಉಳಿದಿರಲಿಲ್ಲ. ಮಾವ, ಕಾಕಾ, ದೊಡ್ಡಪ್ಪ ಎಲ್ಲರೂ ಹೀಗೆಯೇ ಒಂದೇ ಹೆಸರಿನವರಾಗಿ ಆಚೆ ಹೋಗುತ್ತಾರೆ. ಬೀಗರಿಗೆ ಮದುವೆಯ ವಿಚಾರ ಬರೆಯುವವರು ಜೋಕೆ.

ಆ ನೇಕಾರರು ಕಂಡುಕೊಂಡ ಉಪಾಯ ನನಗೆ ಹಿಡಿಸಿತು. ಲೆಕ್ಕ ಇದ್ದರೆ ಬರೆದು ಕಳಿಸುತ್ತಾರೆ: ಎಷ್ಟು ಸೀರೆ, ಯಾವ ಬಣ್ಣ, ಎಷ್ಟು ಬಾಕಿ. ಮನಸ್ಸಿನ ಮಾತು ಇದ್ದರೆ ಫೋನು ಹಚ್ಚಿ ತಮಗೆ ಬರುವ ಹರಕು ಹಿಂದಿಯಲ್ಲಿ ಮಾತಾಡುತ್ತಾರೆ. ಹರಕು ಹಿಂದಿಯಲ್ಲೂ 'ಸಾಹೇಬ್' ಅನ್ನಬಹುದಲ್ಲ.

ಬರೆಯುವವರಿಗೆ ಇನ್ನೂ ಒಂದೆರಡು ಮಾತು. ಒಂದು ವಾಕ್ಯದಲ್ಲಿ ಒಂದೇ ಸಂಗತಿ ಇಡಬೇಕು. ಕರ್ತೃವನ್ನು ನುಂಗಬಾರದು. ನಮ್ಮಲ್ಲಿ 'ನಾಳೆ ಬರ್ತೀನಂದ' ಅಂದರೆ ಯಾರು ಎಂದು ಕೇಳುವವನಿಗೆ ಗೊತ್ತು, ಯಂತ್ರಕ್ಕೆ ಗೊತ್ತಿಲ್ಲ. ಅದು ಅವನನ್ನು ಅವಳು ಮಾಡಿಬಿಟ್ಟೀತು. ಬಂದ ಅನುವಾದವನ್ನು ಹಿಂದಿರುಗಿಸಿ ಕನ್ನಡಕ್ಕೆ ಮಾಡಿಸಿ ನೋಡಿದರೆ ಅರ್ಧ ತಪ್ಪು ಅಲ್ಲಿಯೇ ಬಯಲಾಗುತ್ತದೆ. ಹೆಸರು, ಊರು, ತಾರೀಖು, ಅಂಕಿಗಳನ್ನು ಕಣ್ಣಿನಿಂದ ತಾಳೆ ನೋಡಬೇಕು. ನೆಟ್‌ವರ್ಕ್ ಸಿಗದ ಕಪ್ಪತಗುಡ್ಡದ ಬುಡದ ಊರುಗಳವರು ಮನೆಯಲ್ಲಿದ್ದಾಗಲೇ ಕನ್ನಡ, ಇಂಗ್ಲಿಷ್, ಹಿಂದಿ ಪೊಟ್ಟಣಗಳನ್ನು ಫೋನಿಗೆ ಇಳಿಸಿಟ್ಟುಕೊಂಡರೆ ನೆಟ್ ಇಲ್ಲದೆಯೂ ನಡೆಯುತ್ತದೆ, ಸ್ವಲ್ಪ ಮಂದವಾಗಿ. ನೆಟ್ ಇದ್ದಾಗ ನೀವು ಬರೆದದ್ದೆಲ್ಲ ಕಂಪನಿಯ ಕಂಪ್ಯೂಟರಿಗೆ ಹೋಗಿ ಬರುತ್ತದೆ. ಆಧಾರ್ ನಂಬರು, ಬ್ಯಾಂಕಿನ ಕಾಗದ ಅದಕ್ಕೆ ಕೊಡಬೇಡಿ. ಸಹಿ ಹಾಕಬೇಕಾದ ಕಾಗದ, ಔಷಧದ ಪ್ರಮಾಣ, ಕ್ರಿಮಿನಾಶಕದ ಅಳತೆ ಇವನ್ನು ಬರೀ ಫೋನಿನ ಮಾತಿನ ಮೇಲೆ ನಿರ್ಧರಿಸಬೇಡಿ. ಕ್ರಿಮಿನಾಶಕದ ಡಬ್ಬಿಯ ಮೇಲಿನ ಬಣ್ಣದ ಗುರುತಿಗೆ ಯಾವ ಭಾಷೆಯೂ ಬೇಡ: ಕೆಂಪು ಎಂದರೆ ಅತಿ ಘೋರ ವಿಷ, ಆಮೇಲೆ ಹಳದಿ, ನೀಲಿ, ಹಸಿರು. ಆ ಗುರುತು ಕಾಯ್ದೆಯಿಂದ ಬಂದದ್ದು.

ಇಷ್ಟು ಜೋಕೆ ಬೇಡದ ಕಡೆಯೂ ಇದೆ. ಲಕ್ಕುಂಡಿಯ ಗುಡಿ ನೋಡಲು, ಚಳಿಗಾಲದಲ್ಲಿ ಮಾಗಡಿ ಕೆರೆಯ ಪಟ್ಟೆತಲೆ ಹೆಬ್ಬಾತು ನೋಡಲು ಹೊರದೇಶದವರು ಬರುತ್ತಾರೆ. ಮಾಗಡಿ ಕೆರೆ 2024ರಲ್ಲಿ ಜೌಗು ತಾಣಗಳ ರಾಮ್ಸರ್ ಪಟ್ಟಿಗೆ ಸೇರಿತು, ಇನ್ನೂ ಹೆಚ್ಚು ಬಂದಾರು. ಚಹಾ ಅಂಗಡಿಯವರಿಗೂ ಅವರಿಗೂ ಫೋನಿನಿಂದ ಚೆನ್ನಾಗಿಯೇ ನಡೆಯುತ್ತದೆ. ಸಕ್ಕರೆ ಬೇಕೋ ಬೇಡವೋ, ಗುಡಿ ಎಷ್ಟು ಹೊತ್ತಿಗೆ ತೆರೆಯುತ್ತದೆ, ಬಸ್ಸು ಯಾವಾಗ. ಇಷ್ಟಕ್ಕೆ ಆ್ಯಪು ಸಾಕು.

ಅದಕ್ಕಿಂತ ನನಗೆ ಹೆಚ್ಚು ರುಚಿಸಿದ್ದು ಮೊದಲು ಹೇಳಿದ ಬಾಸೆಲ್ ಮಿಷನ್ನಿನ ಸಂಗತಿ. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಆ ಮಿಷನ್ನಿನ ದಫ್ತರವಿದೆ. ಹಳೆಯ ಫೋಟೋಗಳನ್ನು ಅವರು ಅಂತರ್ಜಾಲಕ್ಕೆ ಹಾಕಿದ್ದಾರೆ. ಅವುಗಳಲ್ಲಿ ಬೆಟಗೇರಿಯವೂ ಇವೆ. ಎಷ್ಟೋ ಚಿತ್ರಗಳ ಕೆಳಗಿನ ಒಕ್ಕಣೆ ಜರ್ಮನ್ನಿನಲ್ಲಿ. ಕೆಲವು ವರ್ಷದ ಹಿಂದೆ ಇಂಥದೊಂದು ಒಕ್ಕಣೆ ತಿಳಿಯಬೇಕೆಂದರೆ ಧಾರವಾಡದಲ್ಲಿ ಜರ್ಮನ್ ಬಲ್ಲವರನ್ನು ಹುಡುಕಬೇಕಿತ್ತು. ಈಗ ಬೆಟಗೇರಿಯ ಓಣಿಯಲ್ಲಿ ಕೂತ ಹುಡುಗ ತನ್ನ ಓಣಿಯ ಹಳೆಯ ಚಿತ್ರದ ಕೆಳಗೆ ಆ ಪಾದ್ರಿ ಏನು ಬರೆದಿದ್ದ ಎಂದು ನಿಮಿಷದಲ್ಲಿ ಓದುತ್ತಾನೆ. ನಮ್ಮ ಊರಿನ ಬಗ್ಗೆ, ನಮಗೆ ತಿಳಿಯದ ಭಾಷೆಯಲ್ಲಿ, ನಮ್ಮನ್ನು ಕೇಳದೆ ಬರೆದಿಟ್ಟದ್ದು ಅದು. ಅದನ್ನು ನಾವೇ ಓದುವಂತಾದದ್ದು ಸಣ್ಣ ಮಾತೇನಲ್ಲ.

ಆದರೆ ಅಚ್ಚಾದ ಜರ್ಮನ್ ಮಾತ್ರ. ಪಾದ್ರಿಗಳ ಕೈಬರಹದ ವರದಿ, ಕಾಗದಗಳು ಕುರ್ರೆಂಟ್ ಎಂಬ ಹಳೆಯ ಮೋಡಿಯಂಥ ಬರಹದಲ್ಲಿವೆ. ಇಂದಿನ ಜರ್ಮನರಿಗೇ ಅದು ಓದಲು ಬರುವುದು ಕಷ್ಟ, ಫೋನಿನ ಕ್ಯಾಮೆರಾಕ್ಕಂತೂ ಬರುವುದಿಲ್ಲ. ಅದನ್ನು ಓದಲು ಆಸ್ಟ್ರಿಯದ ಇನ್ಸ್‌ಬ್ರುಕ್‌ನಲ್ಲಿ ಟ್ರಾನ್ಸ್‌ಕ್ರಿಬಸ್ ಎಂಬ ಬೇರೆಯೇ ತಂತ್ರಾಂಶ ಬೆಳೆಸಿದ್ದಾರೆ. ನೂರಾರು ಪುಟ ಕೈಬರಹವನ್ನು ಬಲ್ಲವರು ಓದಿ ಟೈಪು ಮಾಡಿಕೊಟ್ಟು ಅದಕ್ಕೆ ಕಲಿಸಿದ್ದಾರೆ. ನಮ್ಮ ಮೋಡಿಯನ್ನು ಯಂತ್ರಕ್ಕೆ ಕಲಿಸುವ ಪ್ರಯತ್ನಗಳೂ ಕೆಲವು ವಿದ್ಯಾಲಯಗಳಲ್ಲಿ ನಡೆದಿವೆ. ಅದು ಕೈಗೂಡಿದರೆ ಶಿರಹಟ್ಟಿಯ ರೈತನ ಮುತ್ತಜ್ಜನ ಕಾಗದ ಮೊದಲ ಸಲ ಅವನ ಮನೆಯಲ್ಲೇ ಓದಿಸಿಕೊಳ್ಳಬಹುದು. ಸದ್ಯಕ್ಕೆ ಮೋಡಿ ಬಲ್ಲ ಹಿರಿಯರು ಅಲ್ಲೊಬ್ಬರು ಇಲ್ಲೊಬ್ಬರು ಉಳಿದಿದ್ದಾರೆ. ಟೈಪು ಮಾಡಿಸಿಕೊಳ್ಳುವ ಕೆಲಸ ಅವರು ಇರುವಾಗಲೇ ಆಗಬೇಕು.

ಇನ್ನು ಆ್ಯಪಿನ ಪಟ್ಟಿಯಲ್ಲೇ ಇಲ್ಲದ ಭಾಷೆಯ ಮಾತು. ಶಿರಹಟ್ಟಿ, ಮುಂಡರಗಿ ತಾಲ್ಲೂಕುಗಳಲ್ಲಿ ಲಂಬಾಣಿ ತಾಂಡಾಗಳು ಬಹಳ. ಮಳೆ ಕೈಕೊಟ್ಟ ವರ್ಷ ಜನ ಗೋವಾಕ್ಕೆ ದುಡಿಯಲು ಹೋಗುತ್ತಾರೆ. ಗೂಗಲಿನಲ್ಲಿ 2022ರಲ್ಲಿ ಕೊಂಕಣಿ ಸೇರಿತು, 2024ರಲ್ಲಿ ಒಂದೇ ಸಲಕ್ಕೆ 110 ಭಾಷೆ ಸೇರಿದಾಗ ನಮ್ಮ ತುಳುವೂ ಸೇರಿತು. ತಾಂಡಾದ ಹುಡುಗ ಗೋವಾದಲ್ಲಿ ಕೊಂಕಣಿ ಬೋರ್ಡು ಓದಿಸಿಕೊಳ್ಳಬಲ್ಲ. ಅದೇ ಹುಡುಗ ತನ್ನ ಯಾಡಿಯನ್ನು, ಅಂದರೆ ಅವ್ವನನ್ನು, ಗದಗಿನ ದವಾಖಾನೆಗೆ ಕರೆತಂದರೆ ಅವಳ ಮಾತನ್ನು ಡಾಕ್ಟರಿಗೆ ದಾಟಿಸಲು ಫೋನಿನಲ್ಲಿ ಏನೂ ಇಲ್ಲ. ಲಂಬಾಣಿ ರಾಜಸ್ಥಾನದ ಕಡೆಯ ಭಾಷೆಗಳ ಒಡಹುಟ್ಟು, ಅದಕ್ಕೆ ತನ್ನದೇ ಲಿಪಿ ರೂಢಿಯಲ್ಲಿಲ್ಲ, ಅಚ್ಚಾದದ್ದು ಕಡಿಮೆ. ಹೀಗಾಗಿ ಯಂತ್ರಕ್ಕೆ ತಿನ್ನಿಸಲು ಏನೂ ಸಿಗಲಿಲ್ಲ. ಅಲ್ಲಿ ಮಗನೇ ದುಭಾಷಿ. ಮಗ ಊರಲ್ಲಿ ಇಲ್ಲದ ದಿನ ಆಕೆ ಹೊಟ್ಟೆ ಮುಟ್ಟಿ ತೋರಿಸಬೇಕು, ತಲೆ ಮುಟ್ಟಿ ತೋರಿಸಬೇಕು. ದವಾಖಾನೆಯಲ್ಲಿ ತಾಂಡಾದಿಂದಲೇ ಬಂದ ಒಬ್ಬ ನರ್ಸು ಇದ್ದರೆ ಯಾವ ಆ್ಯಪಿಗೂ ಮಿಗಿಲು. ಸರ್ಕಾರದವರು ನೇಮಕದ ಹೊತ್ತಿನಲ್ಲಿ ಇದನ್ನು ನೆನೆಯಬೇಕು ಎಂಬುದು ನನ್ನ ಅಭಿಪ್ರಾಯ.

ಯಂತ್ರಕ್ಕೆ ನಮ್ಮ ಮಾತು ಬಾರದಿದ್ದರೆ ಕಲಿಸುವ ದಾರಿ ಇಲ್ಲವೇ ಎಂದು ನೀವು ಕೇಳಬಹುದು. ಇದೆ. ಭಾಷಿಣಿಯವರದೇ ಭಾಷಾದಾನ ಎಂಬ ಯೋಜನೆಯಿದೆ. ಅದರ 'ಬೋಲೋ ಇಂಡಿಯಾ' ವಿಭಾಗದಲ್ಲಿ ತೆರೆಯ ಮೇಲೆ ಬರುವ ಕನ್ನಡ ವಾಕ್ಯವನ್ನು ಓದಿ ದನಿ ಕೊಡಬಹುದು. ನಾನು ಅದರಲ್ಲಿ ಕಂಡ ಕೊರತೆಯೆಂದರೆ ಅವರು ಕೊಡುವ ವಾಕ್ಯ ಅಚ್ಚಿನ ಕನ್ನಡದ್ದು. ನಮ್ಮ ದನಿಯ ಧಾಟಿ ಹೋಗುತ್ತದೆ, ನಮ್ಮ ಮಾತು ಹೋಗುವುದಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಗೂಗಲ್ ಜೊತೆ ಸೇರಿ 2022ರ ಕೊನೆಗೆ ಪ್ರಕಟಿಸಿದ 'ವಾಣಿ' ಯೋಜನೆಯ ಬಗೆ ಬೇರೆ. ದೇಶದ 773 ಜಿಲ್ಲೆಗಳಿಂದ ಜನರ ಮಾತು ಸಂಗ್ರಹಿಸುವುದು ಅದರ ಗುರಿ. ಅಲ್ಲಿ ಓದಲು ವಾಕ್ಯ ಕೊಡುವುದಿಲ್ಲ, ಚಿತ್ರ ತೋರಿಸುತ್ತಾರೆ. ಕಂಡದ್ದನ್ನು ನಿಮ್ಮ ಮಾತಿನಲ್ಲಿ ಹೇಳಿ ಅನ್ನುತ್ತಾರೆ. ಈ ಪದ್ಧತಿ ನಮಗೆ ಹೇಳಿ ಮಾಡಿಸಿದ್ದು. ಗದಗಿನಲ್ಲೇ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯವಿದೆ, ಊರೂರಿಗೆ ತಿರುಗುವ ವಿದ್ಯಾರ್ಥಿಗಳಿದ್ದಾರೆ. ಅವರು ಒಂದು ಬೇಸಿಗೆ ಈ ಕೆಲಸ ಹಿಡಿದರೆ ಮಸಾರಿ-ಎರಿ ಎರಡೂ ಹೊಲದ ಮಾತು, ಬೆಟಗೇರಿ ಮಗ್ಗದ ಮಾತು, ತಾಂಡಾದ ಮಾತು ಎಲ್ಲ ಕೂಡುತ್ತದೆ. ಒಂದು ಜೋಡಿ ಎತ್ತಿನ ಚಿತ್ರ ಇಟ್ಟು ಮುಂಡರಗಿಯ ಯಾವ ಅಜ್ಜನನ್ನಾದರೂ ಕೇಳಿ ನೋಡಲಿ. ಎತ್ತಿನ ಹಲ್ಲು, ಸುಳಿ, ಕೊಂಡ ಸಂತೆ, ಕೊಟ್ಟ ರೊಕ್ಕ, ನಡುವಿನ ದಲಾಲ ಮಾಡಿದ ಮೋಸ, ಎಲ್ಲ ಹೇಳಿ ಮುಗಿಸುವುದರೊಳಗೆ ಫೋನಿನ ಚಾರ್ಜು ಮುಗಿದೀತು.